ಅಂಟುವಾಳಕ್ಕೆ ನೊರೆ ಯಾಕೆ?

ನಮ್ಮ ಕಾಕಾ ದೇವರ ಮೇಲಧಿಕಾರಿ! ಹೀಗೆಂದು ಅವರೇನೂ ಬಾಯಿಬಿಟ್ಟು ಹೇಳಿಕೊಂಡಿಲ್ಲ. ಆದರೆ ಒಂದು ಸೀಗೆಕಾಯಿಯನ್ನೋ ಜೇನುಮೇಣದ ಉಂಡೆಯನ್ನೋ ಕೈಗೆತ್ತಿಕೊಂಡು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಹಿಂದೆ ಮುಂದೆ ತಿರುಗಿಸಿ, ಮೂಸಿ, ಕೊನೆಗೆ ಗಂಭೀರವಾಗಿ "ಪಾಸ್" ಎನ್ನುವುದನ್ನು ನೀವೊಮ್ಮೆ ಕಂಡಿದ್ದರೆ ನನ್ನ ಮಾತು ಒಪ್ಪುತ್ತಿದ್ದಿರಿ. ಸೃಷ್ಟಿಕರ್ತ ಮಾಲು ತಯಾರಿಸಿ ತಂದಿಟ್ಟು ಹೊರಗೆ ಬೆಂಚಿನ ಮೇಲೆ ಕೈಕಟ್ಟಿ ಕೂತಿದ್ದಾನೆ, ಒಳಗೆ ನಮ್ಮ ಕಾಕಾ ತಪಾಸಣೆ ನಡೆಸಿದ್ದಾರೆ ಎಂದೇ ನೋಡಿದವರಿಗೆ ಅನಿಸಬೇಕು!

ತಪ್ಪು ಅವರದಲ್ಲ, ಅಭ್ಯಾಸದ್ದು. ಧಾರವಾಡದ ಕಡೆಯ ಹಳ್ಳಿಯಿಂದ ಮೀಸೆ ಮೂಡುವ ವಯಸ್ಸಿನಲ್ಲಿ ದಾಂಡೇಲಿಗೆ ಬಂದು ಕಾಗದದ ಕಾರ್ಖಾನೆ ಸೇರಿದವರು, ನಿವೃತ್ತಿಯ ತನಕ ಮಾಡಿದ್ದು ಒಂದೇ ಕೆಲಸ. ತಯಾರಾದ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುವುದು. ಕಲೆ ಕಂಡರೆ ಪಕ್ಕಕ್ಕೆ, ಕಾಣದಿದ್ದರೆ ಮುಂದಕ್ಕೆ. ಇದು ಎಷ್ಟರ ಮಟ್ಟಿಗೆ ಮೈಗೂಡಿತ್ತೆಂದರೆ, ಹೆಣ್ಣು ನೋಡಲು ಹೋದಾಗ ಬೀಗರು ಕೊಟ್ಟ ಜಾತಕವನ್ನು ಓದುವ ಬದಲು ಕಿಟಕಿಯ ಬೆಳಕಿಗೆ ಹಿಡಿದು "ಛಲೋ ಐತಿ" ಎಂದುಬಿಟ್ಟರಂತೆ. ಅವರು ಹೇಳಿದ್ದು ಕಾಗದದ ಬಗ್ಗೆ. ಬೀಗರು ತಿಳಿದದ್ದು ಹುಡುಗಿಯ ಬಗ್ಗೆ. ಮದುವೆ ಆಗಿಹೋಯಿತು! ನಮ್ಮ ಕಾಕು ಈಗಲೂ ಹೇಳುತ್ತಾರೆ: "ನನ್ನ ಮಾರಿ ಯಾರು ನೋಡ್ಯಾರ? ಕಾಗದಾ ನೋಡಿ ಹೂಂ ಅಂದಾರ."

ದಾಂಡೇಲಿಯ ಅಂಬೇವಾಡಿಯ ಎರಡು ಕೋಣೆಯ ಮನೆಯಲ್ಲಿ ಇವರಿಬ್ಬರೇ. ಮಕ್ಕಳಿಲ್ಲ. ಅಣ್ಣನ ಮಗಳಾದ ನಾನು ಹಳಿಯಾಳದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಕಾಕುವಿನ ಕೈಯಡುಗೆಗೆ ಹಾಜರು. ಕಾಕಾನಿಗೆ ಪ್ರೀತಿ ಉಕ್ಕಿದರೆ ನಾನು "ತಂಗಿ", ವಾದಕ್ಕೆ ನಿಂತರೆ "ಅಕ್ಕೋರು". ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಕರೆಯುವುದೇ ಹಾಗೆ. ವರ್ಷದ ಲೆಕ್ಕದಲ್ಲಿ ನಾನು ತಂಗಿಯಾಗಿದ್ದಕ್ಕಿಂತ ಅಕ್ಕೋರಾಗಿದ್ದೇ ಹೆಚ್ಚು.

ನಿವೃತ್ತಿಯಾದ ಮೇಲೆ ಕಾಕಾನ ಕೈಗಳಿಗೆ ಕೆಲಸವಿಲ್ಲದಂತಾಯಿತು. ಊಟಕ್ಕೆ ಕೂತರೆ ಹಪ್ಪಳವನ್ನು ಬೆಳಕಿಗೆ ಹಿಡಿಯುವುದು, ರೊಟ್ಟಿ ಎತ್ತಿ ಕಲೆ ಹುಡುಕುವುದು! ಮೂರು ತಿಂಗಳು ಸಹಿಸಿದ ಕಾಕು ನಾಲ್ಕನೆಯ ತಿಂಗಳು ಅವರ ಕೈಗೆ ಚೀಲ ಕೊಟ್ಟು, ತಮ್ಮ ರೇಷ್ಮೆ ಸೀರೆ ಒಗೆಯಲು ಅಂಟುವಾಳಕಾಯಿ ತರಲು ಸಂತೆಗೆ ಅಟ್ಟಿದರು. ಮನುಷ್ಯ ಒಂದು ತಾಸಾದರೂ ಮನೆಯಿಂದ ಹೊರಗಿರಲಿ ಎಂಬುದಷ್ಟೇ ಅವರ ಉದ್ದೇಶ. ಪಾಪ, ಏನಾಗಲಿದೆ ಎಂದು ಅವರಿಗೇನು ಗೊತ್ತಿತ್ತು?

ಆ ಭಾನುವಾರ ನಾನು ಹೊಸ್ತಿಲು ದಾಟುವಷ್ಟರಲ್ಲಿ ಹಿತ್ತಲಿನಿಂದ ಕಾಕಾನ ಕೂಗು: "ಏ ತಂಗಿ, ಲಗೂನ ಬಾ ಇಲ್ಲೆ!"

ಯಾರೋ ಜಾರಿ ಬಿದ್ದಿರಬೇಕು ಎಂದು ಓಡಿದೆ. ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ ಕಾಕಾನ ಎರಡೂ ಕೈಗೆ ಮೊಣಕೈವರೆಗೆ ನೊರೆ.

"ಇದೇನು?" ಎಂದರು.

"ನೊರಿ, ಕಾಕಾ."

"ನೊರಿ ಅನ್ನೂದು ನನಗೂ ಕಾಣಸ್ತೈತಿ. ಎಲ್ಲಿಂದ ಬಂತು? ಗಿಡದಾಗಿಂದ! ಗಿಡ ಎಂದರ ಜಳಕಾ ಮಾಡತೈತೇನು? ಅರಬಿ ಒಗೀತೈತೇನು? ಮತ್ತ ಅದಕ್ಯಾಕ ಬೇಕು ಸಬಕಾರ?"

ನನ್ನೊಳಗಿನ ಅಕ್ಕೋರು ಎದ್ದು ನಿಂತಳು. "ಹುಳ ಹುಪ್ಪಡಿ ತಿನ್ನಬಾರದು ಅಂತ ಗಿಡ ಇಟಗೊಂಡಿರೋ ಕಹಿ ಅದು, ಕಾಕಾ. ನಮಗ ನೊರಿ ಸಿಕ್ಕದ್ದು ಆಕಸ್ಮಿಕ."

"ಆಕಸ್ಮಿಕ!" ಕಾಕಾ ನೊರೆಗೈಯನ್ನೇ ಸೊಂಟದ ಮೇಲಿಟ್ಟರು. "ಜೀವಮಾನೆಲ್ಲಾ ಕಾರ್ಖಾನ್ಯಾಗ ದುಡದೇನಿ, ಆಕಸ್ಮಿಕ ಅಂದ್ರ ಏನಂತ ನನಗ ಹೇಳತೀರೇನ್ರಿ ಅಕ್ಕೋರ? ಆಕಸ್ಮಿಕದಿಂದ ಒಂದರ ಛಲೋ ಹಾಳಿ ಹೊರಗ ಬಂದದ್ದು ನಾ ನೋಡಿಲ್ಲ. ಇದನ್ನ ಯಾರೋ ಕುಂತು, ವಿಚಾರ ಮಾಡಿ ಮಾಡ್ಯಾರ. ನಿಮ್ಮ ಕಾಕುನ ಸೀರಿ ಸಲುವಾಗಿ!"

ಒಳಗಿನಿಂದ ಕಾಕು ಉತ್ತರ ಕೊಟ್ಟರು: "ವಿಚಾರ ಮಾಡಿದಾತಗ ಹೇಳ್ರಿ, ಸೀರಿ ಒಗದೂ ಕೊಡು ಅಂತ!"

ಅಲ್ಲಿಂದ ಶುರು. ಹಾಳೆ ನೋಡುವ ಕಣ್ಣು ಕಾಡಿನ ಕಡೆ ತಿರುಗಿತು. ದಾಂಡೇಲಿಯ ಸುತ್ತ ಕಾಡಿಗೇನು ಬರವೇ? ಜೋಯಿಡಾದ ಕಡೆಯಿಂದ ಮುರುಗಲ ಬೀಜದ ತುಪ್ಪ ಬಂತು. ಒಡೆದ ಹಿಮ್ಮಡಿಗೆ ಹಚ್ಚಿ ಎರಡೇ ದಿನಕ್ಕೆ "ಪಾಸ್!" ಧೂಪದ ಮರದ ಹಾಲುಮಡ್ಡಿ ಬಂತು. ಅದರ ಹೊಗೆಗೆ ಸೊಳ್ಳೆ ಹೋಗುವ ಮೊದಲು ಪಕ್ಕದ ಮನೆಯವರು ಹೋದರು, ಆದರೂ "ಪಾಸ್!" ಮರದ ಅಂಟು, ಜೇನಿನ ಮೇಣ, ಅರಗು, ಎಲ್ಲವೂ ಬಾಟಲಿಗಳಲ್ಲಿ ತುಂಬಿ ಅಡುಗೆಮನೆಯ ಗೋಡೆಯ ಮಾಡದಲ್ಲಿ ಸಾಲಾಗಿ ನಿಂತವು. ಅಲ್ಲಿದ್ದ ಕಾಕುವಿನ ಉಪ್ಪಿನಕಾಯಿ ಭರಣಿಗಳು ಮಂಚದ ಕೆಳಗೆ ವನವಾಸಕ್ಕೆ ಹೋದವು. ಅಂಗಡಿಯ ಸಬಕಾರ, ಹಲ್ಲಿನ ಪೇಸ್ಟು, ಗೋಂದಿನ ಬಾಟಲಿ, ಬೂಟಿನ ಪಾಲಿಶು ಎಲ್ಲಕ್ಕೂ ಮನೆಯಿಂದ ಬಹಿಷ್ಕಾರ! "ಗಿಡ, ಹುಳ ಎರಡೂ ಸೇರಿ ಎಲ್ಲಾ ಮಾಡಿಟ್ಟಾವ. ಮತ್ತ್ಯಾಕ ಅಂಗಡಿ?" ಎಂಬುದು ಕಾಕಾನ ಆರ್ಡರು.

ಪಾಲಿಶಿನ ಬದಲು ಚಪ್ಪಲಿಗೆ ಜೇನುಮೇಣ ಹಚ್ಚಿಕೊಂಡು ಒಂದು ಗೃಹಪ್ರವೇಶಕ್ಕೆ ಹೋದರು. ಮೇಣದಲ್ಲಿ ಇನ್ನೂ ಜೇನು ಉಳಿದಿತ್ತು. ಊಟ ಮುಗಿಸಿ ಹೊರಬಂದರೆ ಇವರ ಜೋಡು ಮಾತ್ರವಲ್ಲ, ಬಾಗಿಲಲ್ಲಿ ಬಿಟ್ಟಿದ್ದ ಅತಿಥಿಗಳೆಲ್ಲರ ಚಪ್ಪಲಿಗಳಿಗೂ ಇರುವೆಯ ಮೆರವಣಿಗೆ! ಜನ ಒಂಟಿಕಾಲಲ್ಲಿ ಕುಣಿಯುತ್ತಿದ್ದರೆ ಕಾಕಾ ಶಾಂತವಾಗಿ ಹೇಳಿದರಂತೆ: "ನೋಡ್ರಿ, ಇರಿವಿಗೂ ಪಸಂದ ಬಂದೈತಿ."

ಅದಾದ ಮೇಲೆ ಬಕೆಟ್ಟಿನ ಪ್ರಕರಣ. ಸ್ನಾನದ ತಗಡಿನ ಬಕೆಟ್ಟಿನ ತಳ ತೂತಾಗಿತ್ತು. ಕಾಕು ಹೊಸದು ತರೋಣವೆಂದರು. ಕಾಕಾ ಅರಗು ಕರಗಿಸಿ ತೂತಿಗೆ ಮೆತ್ತಿದರು. ತಣ್ಣೀರು ತುಂಬಿಸಿ ಒಂದು ಹಗಲು ಇಟ್ಟರು, ಒಂದು ಹನಿಯೂ ಸೋರಲಿಲ್ಲ. ಬಂದವರಿಗೆಲ್ಲ ತೋರಿಸಿದ್ದೂ ಆಯಿತು. "ಒಂದು ಸಾಸಿವಿಯಷ್ಟು ಹುಳ ಮಾಡಿದ್ದು ಇದು. ನಮ್ಮ ವೆಲ್ಡಿಂಗಿನವರು ಬಂದು ಇದರ ಕಾಲು ಹಿಡೀಬೇಕು!"

ಮರುದಿನ ಬೆಳಿಗ್ಗೆ ಹಂಡೆಯಿಂದ ಕುದಿಯುವ ನೀರನ್ನೇ ಬಕೆಟ್ಟಿಗೆ ಸುರಿದುಕೊಂಡು, ತಲೆಗೆ ಅಂಟುವಾಳ ತಿಕ್ಕಿ, ಕಣ್ಣುಮುಚ್ಚಿ ತಂಬಿಗೆ ಅದ್ದಿದರೆ ಬಕೆಟ್ಟಿನಲ್ಲಿ ನೀರೇ ಇಲ್ಲ! ಬಿಸಿಗೆ ಅರಗು ಮೆತ್ತಗಾಗಿ, ಜಾರಿ, ನೀರಿನ ಜೊತೆ ಮೋರಿ ಸೇರಿತ್ತು. ಕಣ್ಣಿಗಿಳಿದ ನೊರೆಯ ಉರಿಯಲ್ಲಿ ಕಾಕಾ "ನೀರು! ನೀರು!" ಎಂದು ಕೂಗಿದರೆ, ಬಾಗಿಲಾಚೆ ಕಾಕು ಕೇಳಿದರು: "ಈಗ ಹೇಳ್ರಿ, ಇದು ಪಾಸೋ ಫೇಲೋ?"

"ಬಿಸಿಗೆ ಕರಗೂದು ಅರಗಿನ ದೋಷ ಅಲ್ಲ, ಗುಣ! ಮೊದಲ ನೀರು ಕೊಡು!"

"ಹಂಗಾರ ತಣ್ಣೀರು ಕೊಡ್ತೇನಿ, ಗುಣಾ ಕೆಡಬಾರದು" ಎಂದ ಕಾಕು ಹಾಗೆಯೇ ಮಾಡಿದರು. ಡಿಸೆಂಬರ್ ತಿಂಗಳು ಬೇರೆ!

ಇಷ್ಟಕ್ಕೆ ಬಿಟ್ಟಿದ್ದರೆ ಮಾತು ಮನೆಯೊಳಗೇ ಉಳಿಯುತ್ತಿತ್ತು. ನಾನೇ ಬುದ್ಧಿಗೆಟ್ಟು, ಶಾಲೆಯ ವಿಜ್ಞಾನ ದಿನಕ್ಕೆ ಕಾಡಿನ ಉತ್ಪನ್ನಗಳನ್ನು ತೋರಿಸಲು ಕಾಕಾನನ್ನು ಕರೆದೆ. ತೋರಿಸಿ ಅಂದಿದ್ದೆ, ಮಾತಾಡಿ ಅಂದಿರಲಿಲ್ಲ. ಇಸ್ತ್ರಿಯ ಅಂಗಿ ತೊಟ್ಟು, ಚೀಲ ಹೊತ್ತು ಹಳಿಯಾಳಕ್ಕೆ ಬಂದ ಕಾಕಾ ಮೇಜಿನ ಮೇಲೆ ಒಂದೊಂದನ್ನೇ ಜೋಡಿಸಿ, ಗಿಡ, ಹುಳ ಎಲ್ಲವನ್ನೂ ತಮಗಾಗಿಯೇ ಮಾಡಿಕೊಳ್ಳುತ್ತವೆ ಎಂದು ನಾನು ಹಿಂದಿನ ವಾರವಷ್ಟೇ ಕಲಿಸಿದ ಪಾಠವನ್ನು ಹತ್ತು ನಿಮಿಷದಲ್ಲಿ ಅಳಿಸಿಹಾಕಿದರು. ಜೇನುಹುಳಕ್ಕೆ ಮೇಣ ಬೇಕು, ಸರಿ. ಆದರೆ ಅದೇ ಮೇಣ ಒಡೆದ ತುಟಿಗೂ ಕೂಡಿಬರುವುದು ಹೇಗೆ? ಗಿಡಕ್ಕೆ ಗಾಯ ಮುಚ್ಚಲು ಅಂಟು ಬೇಕು, ಸರಿ. ಆದರೆ ಅದೇ ಅಂಟು ಹರಿದ ಪುಸ್ತಕಕ್ಕೂ ಹತ್ತುವುದು ಹೇಗೆ? "ಯಾರೋ ಮೊದಲ ಲಿಸ್ಟ್ ಮಾಡಿ ಇಟಗೊಂಡಾರ!" ಮಕ್ಕಳು ಚಪ್ಪಾಳೆ ತಟ್ಟಿದರು. ನಮ್ಮ ಹೆಡ್‌ಮಾಸ್ತರರೂ ತಟ್ಟಿದರು!

ಆಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದಳು. "ಅಜ್ಜಾರ, ತುರಿಕಿ ಸೊಪ್ಪು ಯಾರ ಸಲುವಾಗಿ ಮಾಡ್ಯಾರ್ರಿ?"

ನನ್ನ ಎದೆಯಲ್ಲಿ ಹಬ್ಬ. ಕಾಕಾ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಆ ಮಾಲು ಇನ್ನೂ ಪರೀಕ್ಷಾದಾಗ ಐತವ್ವಾ. ರಿಪೋರ್ಟ್ ಬಂದಿಲ್ಲ" ಎಂದರು. ಇದಕ್ಕೂ ಚಪ್ಪಾಳೆ! ಅಂಥವರನ್ನು ಸೋಲಿಸುವುದು ಹೇಗೆ, ನೀವೇ ಹೇಳಿ?

ಅವರನ್ನು ಸ್ವಲ್ಪವಾದರೂ ಅಲುಗಿಸಿದವರು ಒಬ್ಬರೇ, ಗೆಳೆಯ ಬಸ್ತ್ಯಾಂವ. ಹಳಿಯಾಳ ತಾಲೂಕಿನ ಒಂದು ಹಳ್ಳಿಯ ಸಿದ್ದಿ ಕುಟುಂಬದವರು. ಒಂದು ಕಾಲಕ್ಕೆ ಕಾರ್ಖಾನೆಯ ಅಂಗಳದಲ್ಲಿ ಬಿದಿರು ಇಳಿಸುತ್ತಿದ್ದರು, ಈಗ ಮೂರು ಎಕರೆ ಭತ್ತ, ಋತು ಬಂದಾಗ ಜೇನು. ಒಂದು ಬೇಸಿಗೆ ನಾನೂ ಕಾಕಾನೂ ಅವರ ಹಿಂದೆ ಜೇನು ನೋಡಲು ಹೋದೆವು. ಮತ್ತಿಮರದ ಪೊಟರೆಗೆ ಹೊಗೆ ಹಾಕಿ, ಬರಿಗೈ ಒಳಗೆ ಬಿಟ್ಟು, ಎರಡು ಜೇನುತಟ್ಟಿ ಬಿಡಿಸಿದ ಬಸ್ತ್ಯಾಂವ ಉಳಿದವನ್ನು ಅಲ್ಲೇ ಬಿಟ್ಟು ಪೊಟರೆ ಮುಚ್ಚಿದರು. ಮುಂಗೈ ಮೇಲೆ ನಾಲ್ಕೈದು ಕಡೆ ಕಡಿದು ಉಬ್ಬಿತ್ತು.

ಕಾಕಾ ತಟ್ಟಿಯ ಆರು ಮೂಲೆಯ ಕೋಣೆಗಳನ್ನು ನೋಡಿ ಮೈಮರೆತಿದ್ದರು. "ನೋಡೋ ಬಸ್ತ್ಯಾಂವ, ಹೆಂಗ ಪ್ಯಾಕಿಂಗ್ ಮಾಡಿ ಇಟ್ಟಾನ ನಮ್ಮ ಸಲುವಾಗಿ!"

ಬಸ್ತ್ಯಾಂವ ಮುಂಗೈಯಿಂದ ಮುಳ್ಳು ಕಿತ್ತುಕೊಳ್ಳುತ್ತ ಸಾವಕಾಶವಾಗಿ ಕೇಳಿದರು: "ನಮ್ಮ ಸಲುವಾಗಿ ಮಾಡಿದ್ರ ಕಡಿತೈತಿ ಯಾಕ್ರಿ, ಅಣ್ಣಾರ?"

ಕಾಕಾ ಮುಚ್ಚಿದ ಪೊಟರೆಯ ಕಡೆ ಬೆರಳು ತೋರಿಸಿದರು.

"ಮತ್ತ ಉಳಿದ ತಟ್ಟಿ ಯಾಕ ಬಿಟ್ಟಿ?"

"ಮಳಿಗಾಲಕ್ಕ ಅವು ಏನ ತಿನ್ಬೇಕ್ರಿ? ಮನಿ ಅವರ್ದು, ಬುತ್ತಿ ಅವರ್ದು. ನಾವು ಕೈ ಹಾಕಿದವರು."

ದಾಂಡೇಲಿಯ ತನಕ ಬಸ್ಸಿನಲ್ಲಿ ಕಾಕಾ ತಟ್ಟಿಯ ಚೂರೊಂದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಲೇ ಇದ್ದರು. ಎರಡು ದಿನ ಬಿಟ್ಟು ಫೋನು ಬಂತು. ಪಾಠದ ಮಧ್ಯೆ ಹೊರಗೆ ಹೋಗಿ ಎತ್ತಿದರೆ, "ಏ ತಂಗಿ, ಉತ್ತರ ಸಿಕ್ತು! ಕಾರ್ಖಾನಿ ಗೇಟಿಗೆ ವಾಚಮನ್ ಇರ್ತಾನೋ ಇಲ್ಲೋ? ಕಡಿಯೂದು ಅದಕ್ಕ!" ಎಂದವರೇ ಫೋನಿಟ್ಟರು.

ಅದೇ ವರ್ಷ ಮಳೆಗಾಲ ಹಿಂದೆ ಸರಿಯುವಾಗ ಹಿತ್ತಲ ಬಾಗಿಲಿನ ಚೌಕಟ್ಟಿನ ಮೂಲೆಯಲ್ಲಿ ಕಣಜಗಳು ಗೂಡು ಕಟ್ಟಲು ತೊಡಗಿದವು. ಹಳದಿ ಪಟ್ಟೆಯ, ಸಣಕಲು ನಡುವಿನ ಹುಳಗಳು. ಮೊದಲು ಕಂಡ ಕಾಕು ಪೊರಕೆ ಎತ್ತಿದರು. ಆದರೆ ಅಷ್ಟರಲ್ಲಿ ಕಾಕಾ, ಕಣಜವೊಂದು ಹಿತ್ತಲ ಬೇಲಿಯ ಬಿದಿರನ್ನು ಬಾಯಿಂದ ಕೆರೆಯುವುದನ್ನೂ, ಆ ಪುಡಿಯನ್ನು ಜಗಿದು ಉಂಡೆ ಮಾಡಿ ತಂದು, ತೆಳ್ಳಗೆ ಎಳೆದು ಗೂಡಿಗೆ ಹಚ್ಚುವುದನ್ನೂ ನೋಡಿಬಿಟ್ಟಿದ್ದರು.

ನಾನು ಹೋದಾಗ ಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು. ನನ್ನನ್ನು ಕಂಡು ಮಾತಿನ ಬದಲು ಕೈಸನ್ನೆ ಮಾಡಿದರು. ಕೆಳಗೆ ಬಿದ್ದಿದ್ದ ಗೂಡಿನ ಚೂರೊಂದು ಅಂಗೈಯಲ್ಲಿತ್ತು. ಬೂದುಬಣ್ಣ, ಹಗುರ, ಎಳೆ ಎಳೆ.

"ಕಾಗದಾ" ಎಂದರು. ಚೂರನ್ನು ಬೆಳಕಿಗೆ ಹಿಡಿದರು. "ತಂಗಿ, ಇದು ಕಾಗದಾ. ನಮ್ಮದೂ ಬಿದಿರು, ಇದರದೂ ಬಿದಿರು. ನಾವೂ ಅರೀತಿದ್ವಿ, ಇದೂ ಅರಿತೈತಿ. ನಮಗ ಅಷ್ಟು ದೊಡ್ಡ ಮಷಿನ್ ಬೇಕಾಗಿತ್ತು. ಇದು ಬರೇ ಬಾಯಿಂದ!"

ಅಷ್ಟು ವರ್ಷ ಹಾಳೆ ನೋಡಿದ ಮನುಷ್ಯ ತನ್ನ ಕುಲದ ಮೂಲಪುರುಷನನ್ನು ಕಂಡವರಂತೆ ಕೂತಿದ್ದರು. ನಾನು ಯಾವ ಬಾಯಿಂದ "ಆಕಸ್ಮಿಕ" ಎನ್ನಲಿ?

ಗೂಡು ಉಳಿಯಿತು. ಪೊರಕೆ ಮೂಲೆಗೆ ಹೋಯಿತು. ಹಿತ್ತಲ ಬಾಗಿಲಿಗೆ ಕಾಕಾ ರಟ್ಟಿನ ಬೋರ್ಡು ತೂಗುಹಾಕಿದರು: "ಕೆಲಸ ನಡೆದಿದೆ. ನಿಧಾನವಾಗಿ ಹೋಗಿರಿ."

"ಒಗದ ಅರಬಿ ಒಣ ಹಾಕೂದು ಎಲ್ಲಿಂದ ಹೋಗಿ?" ಕಾಕು ಕೇಳಿದರು.

"ಮುಂದಿನ ಬಾಗಲದಿಂದ ಸುತ್ತ ಹಾಕಿ ಹೋಗು. ಎರಡು ತಿಂಗಳ ಮಾತು."

"ನನ್ನ ಮನ್ಯಾಗ ನಾ ಸುತ್ತ ಹಾಕಬೇಕಾ? ಅವಕ್ಕ ಹೇಳ್ರಿ ಸುತ್ತ ಹಾಕಾಕ!"

ನಾನು ನಕ್ಕೆ. ಕಾಕಾನೂ ನಕ್ಕರು. "ತೆಗಸ್ರೀ ಅದನ್ನ" ಎಂದು ಕಾಕು ಮತ್ತೆ ಎರಡು ಭಾನುವಾರ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಆಗಲೂ ನಾವಿಬ್ಬರೂ ನಕ್ಕಿದ್ದೆವು.

ಮೂರನೆಯ ಭಾನುವಾರ ಮಧ್ಯಾಹ್ನ ಊಟವಾಗಿತ್ತು. ಮುಂದಿನ ಕೋಣೆಯಲ್ಲಿ ಕಾಕಾ, ಕಣಜದ ಕಾಗದ ಮಳೆಗೆ ಯಾಕೆ ನೆನೆಯುವುದಿಲ್ಲ ಎಂದು ನನಗೆ ವಿವರಿಸುತ್ತಿದ್ದರು. ಹೊರಗೆ ಇದ್ದಕ್ಕಿದ್ದಂತೆ ನಾಲ್ಕು ಹನಿ ಬಿತ್ತು. ಹಗ್ಗದ ಮೇಲಿನ ಬಟ್ಟೆ ನೆನಪಾಗಿ ಕಾಕು ದಡಬಡಿಸಿ ಎದ್ದರು. ಅಂಥ ಗಡಿಬಿಡಿಯಲ್ಲಿ ಯಾರು ಸುತ್ತು ಹಾಕುತ್ತಾರೆ? ಹಿತ್ತಲ ಬಾಗಿಲು ಧಡಾರನೆ ತೆರೆದ ಸದ್ದು ಕೇಳಿತು. ಅದರ ಹಿಂದೆಯೇ ಕಾಕುವಿನ ಚೀರು.

ಕುತ್ತಿಗೆಗೆ ಎರಡು, ಕೈಗೆ ಒಂದು. ಮೂರೇ ಕಡಿತ. ಕಡಿದ ಜಾಗಕ್ಕೆ ಸುಣ್ಣ ಹಚ್ಚುತ್ತ ಕಾಕಾ ಇನ್ನೂ ಸಮಾಧಾನ ಹೇಳುತ್ತಿದ್ದರು, ಅಷ್ಟರಲ್ಲಿ ಕಾಕುವಿನ ಮೈಯೆಲ್ಲ ದದ್ದೆದ್ದಿತು. ತುಟಿ ಊದಿತು. ಕಣ್ಣುಗಳು ಮುಚ್ಚಿಹೋದವು. "ಉಸಿರು... ಉಸಿರು ಬರವಲ್ದು" ಎಂದಷ್ಟೇ ಹೇಳಿದರು. ನಾನು ಬೀದಿಗೆ ಓಡಿ ಆಟೋ ನಿಲ್ಲಿಸಿದೆ. ಕಾಕಾ ಕಾಕುವನ್ನು ಎತ್ತಿಕೊಂಡೇ ಬಂದರು. ಅಷ್ಟು ವಯಸ್ಸಿನಲ್ಲಿ ಆ ಬಲ ಎಲ್ಲಿಂದ ಬಂತೋ! ಕಾಲಲ್ಲಿ ಚಪ್ಪಲಿ ಇರಲಿಲ್ಲ, ಕನ್ನಡಕವೂ ಇರಲಿಲ್ಲ.

ಆಸ್ಪತ್ರೆಯ ಡಾಕ್ಟರು ನೋಡಿದವರೇ ಇಂಜೆಕ್ಷನ್ ಕೊಟ್ಟು ಆಮ್ಲಜನಕ ಹಚ್ಚಿದರು. ಒಂದು ತಾಸಿನ ಮೇಲೆ ಹೊರಬಂದು, ಕೆಲವರ ಮೈಗೆ ಈ ವಿಷ ಸ್ವಲ್ಪವೂ ಆಗಿಬರುವುದಿಲ್ಲ, ಇನ್ನು ಹತ್ತು ನಿಮಿಷ ತಡವಾಗಿದ್ದರೆ ಕಷ್ಟವಿತ್ತು, ಈಗ ಭಯವಿಲ್ಲ ಎಂದರು. ಹೋಗುವಾಗ, "ಮನ್ಯಾಗ ಗೂಡು ಐತೇನು?" ಎಂದು ಕೇಳಿದರು. ಕಾಕಾ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ.

ಎರಡು ದಿನ ಕಾಕುವನ್ನು ಅಲ್ಲೇ ಇಟ್ಟುಕೊಂಡರು. ಕಾಕಾ ಮಂಚದ ಪಕ್ಕದ ಸ್ಟೂಲು ಬಿಟ್ಟು ಏಳಲಿಲ್ಲ. ಊದಿದ ರೆಪ್ಪೆ ಇನ್ನೂ ಸರಿಯಾಗಿ ಬಿಚ್ಚದ ಕಾಕು ನನ್ನ ಕೈ ತಡವಿ ಪಿಸುಗುಟ್ಟಿದರು: "ನಿಮ್ಮ ಕಾಕಾ ಇಲ್ಲೆ ಅದಾರೇನು?"

"ನಿನ್ನ ಬಾಜೂನ ಕುಂತಾರ."

"ಮತ್ತ ಯಾಕ ಸಪ್ಪಳಿಲ್ಲ? ಮಾತಾಡಸು. ನನಗ ಅಂಜಿಕಿ ಬರತೈತಿ."

ನಾನು ಕಾಕಾನ ಕಡೆ ನೋಡಿದೆ. ಅವರು ಗೋಡೆಯನ್ನು ನೋಡುತ್ತಲೇ ಅಂದರು: "ಏನ ಮಾತಾಡ್ಲಿ ತಂಗಿ? ಆಕಿ ಬ್ಯಾಡ ಅಂದ್ಲು. ಪಾಸ್ ಮಾಡಿದಾಂವ ನಾನು."

ಬಸ್ತ್ಯಾಂವ ಬಂದು ಹೊಗೆ ಹಾಕಿ ಗೂಡು ಇಳಿಸಿದರು. ಆಸ್ಪತ್ರೆಯಿಂದ ಮರಳಿದ ಮರುದಿನ ಕಾಕಾ ಮಾಡದಲ್ಲಿದ್ದ ಬಾಟಲಿಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಬಸ್ತ್ಯಾಂವರ ಕೈಗೇ ಕೊಟ್ಟು ಕಳಿಸಿದರು. ಉಪ್ಪಿನಕಾಯಿ ಭರಣಿಗಳನ್ನು ಮಂಚದ ಕೆಳಗಿನಿಂದ ತಾವೇ ಎತ್ತಿ ತಂದು, ಒರೆಸಿ, ಮೊದಲಿನ ಜಾಗದಲ್ಲಿಟ್ಟರು. ಮನೆಗೆ ಅಂಗಡಿಯ ಸಬಕಾರ ಬಂತು, ಪೇಸ್ಟು ಬಂತು. ರೊಟ್ಟಿಯ ಮೇಲೆ ಎಷ್ಟು ಕಲೆ ಇದ್ದರೂ ಕಾಕಾ ಸುಮ್ಮನೆ ತಿಂದು ಎದ್ದರು.

ನಾನು ಪ್ರಯತ್ನಿಸದೆ ಇರಲಿಲ್ಲ. ಒಂದು ಭಾನುವಾರ ಬೇಕೆಂದೇ ರೇಷ್ಮೆಗೂಡು ತಂದು ಅವರ ಮುಂದಿಟ್ಟೆ. "ಕಾಕಾ, ಇಷ್ಟುದ್ದದ ಎಳಿ! ಒಂದು ಹುಳಕ್ಕ ಇದು ಯಾಕ ಬೇಕಿತ್ತು?"

ಕಾಕಾ ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ತನ್ನ ಮೈ ಮುಚ್ಚಿಕೊಳ್ಳಾಕ ಮಾಡಿಕೊಂಡಿರತೈತಿ. ನಾವು ಕುದಿಸಿ ಕಸ್ಕೋತೇವಿ. ನೀ ಅಂದದ್ದ ಖರೇ ಐತವ್ವಾ. ಅವುಗಳದು ಅವಕ್ಕ."

ಇದೇ ಮಾತನ್ನು ಅವರ ಬಾಯಿಂದ ಹೊರಡಿಸಲು ನಾನೆಷ್ಟು ಭಾನುವಾರ ಗಂಟಲು ಹರಿದುಕೊಂಡಿದ್ದೆ! ಗೆದ್ದಿದ್ದೆ. ಗೆದ್ದ ಖುಷಿ ಮಾತ್ರ ಎಲ್ಲಿಯೂ ಇರಲಿಲ್ಲ. ಊಟ ಮಾಡದೆ ಬಸ್ಸು ಹತ್ತಿದೆ.

ಚಳಿಗಾಲ ಹೋಯಿತು. ಕಾಕಾನಿಗೆ ನಿದ್ದೆ ಕಡಿಮೆಯಾಗಿ, ಕುತ್ತಿಗೆ ನೋವೆಂದು ಸದಾ ಕೈಯಲ್ಲಿ ತಿಕ್ಕಿಕೊಳ್ಳುತ್ತಿದ್ದರು. ಕೇಳಿದರೆ "ಏನಿಲ್ಲ" ಎನ್ನುತ್ತಿದ್ದರು. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿದ್ದಾಗ ಕಾಕು ಮುಂಡಗೋಡದ ಕಡೆ ಚಿಗಳ್ಳಿಯಲ್ಲಿರುವ ತಮ್ಮ ಅಕ್ಕನನ್ನು ನೋಡಲು ಹೊರಟರು. ಜೊತೆಗೆ ನಾನು. ಕಾಕಾ ಬರಲಿಲ್ಲ.

ಅಕ್ಕನ ಹೊಲದ ಬದುವಿನಲ್ಲಿ ದೊಡ್ಡ ಬೂರುಗದ ಮರ. ಕಾಯಿ ಬಿರಿದು ಬೆಳ್ಳನೆಯ ಅರಳೆ ಗಾಳಿಗೆ ಹಾರಿ ಹೊಲದ ತುಂಬ ಬಿದ್ದಿತ್ತು. ಕಾಕು ಒಂದು ಹಿಡಿ ಎತ್ತಿ ಕೆನ್ನೆಗೆ ಒತ್ತಿಕೊಂಡರು. ಆಮೇಲೆ ಸೆರಗು ಕಟ್ಟಿ ಬಾಗಿದವರು ಸಂಜೆಯಾದರೂ ತಲೆ ಎತ್ತಲಿಲ್ಲ. "ಸಾಕು ಬಾ ಕಾಕು" ಎಂದರೆ, "ನೀನೂ ಆರಸು, ನಿಂತ ನೋಡ್ತಿ ಏನು?" ಎಂದು ನನ್ನನ್ನೂ ಹಚ್ಚಿದರು.

ವಾಪಸಾಗುವಾಗ ನಮ್ಮ ಮಧ್ಯೆ ಮನುಷ್ಯನಷ್ಟು ಎತ್ತರದ ಒಂದು ಮೂಟೆ. ಕಂಡಕ್ಟರ್ ಅದಕ್ಕೆ ಲಗೇಜು ಹಾಕಬೇಕೆಂದು ಎತ್ತಿ ನೋಡಿದರೆ ಒಂದೇ ಬೆರಳಿಗೆ ಮೇಲೆದ್ದಿತು! "ಇದಕ್ಕ ತೂಕಾನ ಇಲ್ಲಲ್ರೀ ಅಮ್ಮಾರ, ಟಿಕೀಟು ಹೆಂಗ ಹರೀಲಿ?" ಎಂದು ತಲೆ ಕೆರೆದುಕೊಂಡ. ದಾರಿಯಲ್ಲಿ ಮೂಟೆಯ ಬಾಯಿ ಸ್ವಲ್ಪ ಸಡಿಲಾಗಿ, ಹಳಿಯಾಳ ಮುಟ್ಟುವ ಹೊತ್ತಿಗೆ ಅರ್ಧ ಬಸ್ಸು ಸೀನುತ್ತಿತ್ತು. ಕಾಕು ಮಾತ್ರ ಮೂಟೆಯನ್ನು ತಬ್ಬಿಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದರು, ತಮಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ!

ಎಂಟು ದಿನ ಕೂತು ಬೀಜ ಬಿಡಿಸಿದರು. ತಮ್ಮ ಹಳೆಯ ಮೆತ್ತನೆಯ ಸೀರೆಯೊಂದನ್ನು ಹರಿದು ಚೀಲ ಹೊಲಿದರು. ರಜೆ ಮುಗಿಯುವ ಮುನ್ನ ನಾನು ಹೋದ ದಿನ, ಊಟವಾದ ಮೇಲೆ ತಲೆದಿಂಬೊಂದನ್ನು ತಂದು ಕಾಕಾನ ತೊಡೆಯ ಮೇಲಿಟ್ಟರು.

"ಏನಿದು?"

"ತಲಿದಿಂಬು. ಬೂರಗದ ಅರಳಿದು."

ಕಾಕಾ ಅದರ ಮೇಲೆ ಕೈಯಿಟ್ಟರು. ಕೈ ಒಳಗೆ ಇಳಿಯಿತು. ತಕ್ಷಣ ಹಿಂದೆ ತೆಗೆದುಕೊಂಡು, ಪಾಠ ಒಪ್ಪಿಸುವ ಮಗುವಿನಂತೆ ಹೇಳಿದರು: "ಬೀಜ ದೂರ ಹಾರಲಿ ಅಂತ ಗಿಡ ತನಗ ಮಾಡಿಕೊಂಡಿರತೈತಿ. ಅಷ್ಟ."

"ಹಾರಾಕ ಇಷ್ಟ ಮೆತ್ತಗ ಯಾಕ ಬೇಕ್ರಿ?" ಎಂದರು ಕಾಕು.

ನನಗೆ ಉತ್ತರ ಗೊತ್ತಿತ್ತು. ಬಾಯಿಯವರೆಗೂ ಬಂದಿತ್ತು. ಕಾಕು ನನ್ನ ಕಡೆ ಒಮ್ಮೆ ನೋಡಿದರು, ನುಂಗಿಕೊಂಡೆ.

"ಆ ಗಿಡಕ್ಕ ನನ್ನ ಕುತ್ತಿಗಿ ನೋವು ಗೊತ್ತಿತ್ತೇನು?" ಕಾಕಾನ ದನಿ ಏರಿತು. ಆರು ತಿಂಗಳಲ್ಲಿ ಮೊದಲ ಸಲ.

"ಗಿಡಕ್ಕ ಗೊತ್ತಿಲ್ಲದಿದ್ರ ಏನಾತ್ರಿ? ನನಗ ಗೊತ್ತಿತ್ತಲ್ಲ."

ಕಾಕಾ ದಿಂಬನ್ನು ಚಾಪೆಯ ಮೇಲಿಟ್ಟು, ಅದರ ಮೇಲೆ ತಲೆಯಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಭುಜ ಮೆಲ್ಲಗೆ ಅಲುಗುತ್ತಿತ್ತು. ಕಾಕು ಅವರ ಬೆನ್ನ ಹಿಂದೆ ಕೂತು, ಸೀರೆಗೆ ಅಂಟಿದ್ದ ಅರಳೆಯ ಎಳೆಗಳನ್ನು ಒಂದೊಂದಾಗಿ ಆರಿಸುತ್ತಿದ್ದರು. ಕಾಕಾ ಮುಖ ತಿರುಗಿಸದೆಯೇ ಅಂದರು:

"ಎಡಕ್ಕ ಒಂದೀಟು ಹೆಚ್ಚು ತುಂಬೀದಿ."

ಕಾಕುವಿನ ಕೈ ನಿಂತಿತು. ಅಷ್ಟು ತಿಂಗಳು ಅವರು ಕಾದಿದ್ದು ಈ ಒಂದು ತಕರಾರಿಗೆ ಎಂದು ನನಗೆ ಹೊಳೆದದ್ದು ಆಗ. "ಹೌದ್ರೀ? ಈಗ ಬಿಚ್ಚಿ ಸರಿ ಮಾಡ್ತೇನಿ, ಏಳಬ್ಯಾಡ್ರಿ, ಹಂಗ ಇರ್ರಿ" ಎನ್ನುತ್ತ, ಸೆರಗಿನ ತುದಿಯಿಂದ ಮುಖ ಒರೆಸಿಕೊಂಡು, ಸೂಜಿ ದಾರ ತರಲು ಒಳಗೆ ಓಡಿದರು.